ಕಫ್ ಸಿರಪ್ ಕುಡಿದ್ರೂ ಬ್ಯಾನ್ ಆಗ್ತದಾ?

ಹೋದ ಸಂಚಿಕೆಯಲ್ಲಿ ಡೋಪಿಂಗ್ ಬಗ್ಗೆ, ಅಂದ್ರೆ ಆಟಗಾರರು ನಿಷೇಧಿತ ಮದ್ದು ತಗೊಳ್ಳುದರ ಬಗ್ಗೆ ಬಂದ ಒಂದು ಪ್ರಶ್ನೆಗೆ ನಾಲ್ಕು ಸಾಲಲ್ಲಿ ಉತ್ತರ ಬರೆದಿದ್ದೆ. ಅದು ಸಾಕಾಗ್ಲಿಲ್ಲ ಅಂತ ಕಾಣ್ತದೆ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಮೇಲೆಯೇ. ಹಾಗಾಗಿ ಬಾಕಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಪಿಯುಸಿ, 17 ವರ್ಷ, 400 ಮೀಟರ್ ಓಡ್ತಾನೆ. ಜೂನಿಯರ್ ನ್ಯಾಷನಲ್ಸ್ ಹತ್ರ ಬಂತು. ಮಳೆ ಶುರುವಾದ ಮೇಲೆ ಕೆಮ್ಮು ಬಿಡ್ತಾನೇ ಇಲ್ಲ, ಮೆಡಿಕಲ್‌ನವರು ಕೊಟ್ಟ ಸಿರಪ್ ಕುಡಿಸ್ತಾ ಇದ್ದೇನೆ. ಅವನ ಫ್ರೆಂಡ್ ಒಬ್ಬ ಅದ್ರಲ್ಲಿ ಡ್ರಗ್ ಉಂಟು, ಸಿಕ್ಕಿಬಿದ್ರೆ 4 ವರ್ಷ ಬ್ಯಾನ್ ಅಂತ ಹೆದರಿಸಿದ್ದಾನೆ. ಹೌದಾ ಸರ್? (ಬೈಂದೂರಿನ ಒಬ್ಬರು ತಾಯಿ)

ಅಮ್ಮಾ, ಮೊದ್ಲು ಆ ಬಾಟ್ಲಿ ಕೈಗೆ ತಗೊಳ್ಳಿ. ಎದುರಿಗೆ ದೊಡ್ಡ ಅಕ್ಷರದಲ್ಲಿರುವ ಹೆಸರು ಬೇಡ, ಹಿಂದೆ ಸಣ್ಣಕ್ಕೆ ಬರೆದದ್ದು ಓದಿ. ನಿಮ್ಮ ಪತ್ರ ಓದಿದ ದಿನ ನಮ್ಮ ಮನೆಯಲ್ಲಿದ್ದ ಕೆಮ್ಮಿನ ಸಿರಪ್ ನಾನೂ ತೆಗೆದು ನೋಡಿದೆ, ಕನ್ನಡಕ ಹಾಕಿದ್ರೂ ಕಾಣ್ಲಿಲ್ಲ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯ್ತು. ಟರ್ಬುಟಲಿನ್ ಸಲ್ಫೇಟ್, ಬ್ರೋಮ್‌ಹೆಕ್ಸಿನ್, ಗೈಫೆನೆಸಿನ್ ಅಂತ ಮೂರು ಹೆಸರು. ಕೊನೆಯ ಎರಡರಿಂದ ಏನೂ ತೊಂದರೆ ಇಲ್ಲ. ಆ ಮೊದಲನೆಯದು, ಟರ್ಬುಟಲಿನ್, ವಾಡಾ ಅಂದ್ರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಉಂಟು, ಸ್ಪರ್ಧೆ ಇರ್ಲಿ ಇಲ್ಲದಿರ್ಲಿ ವರ್ಷದ ಎಲ್ಲಾ ದಿನವೂ. ನಮ್ಮಲ್ಲಿ ಕಫದ ಕೆಮ್ಮಿಗೆ ಅಂಗಡಿಯವರು ಕೊಡುವ ಸುಮಾರು ಸಿರಪ್‌ಗಳಲ್ಲಿ ಅದು ಇರ್ತದೆ. ಹಾಗಾಗಿ ನಿಮ್ಮ ಮಗನ ಫ್ರೆಂಡ್ ಹೇಳಿದ್ದು ಅರ್ಧ ಸತ್ಯ.

ಕ್ರಿಕೆಟಿಗ ಪೃಥ್ವಿ ಶಾ ಗೊತ್ತುಂಟಲ್ಲ, ಅವ್ರಿಗೆ ಆದದ್ದೂ ಇದೇ. 2019ರ ಫೆಬ್ರವರಿಯಲ್ಲಿ ಇಂದೋರಿನಲ್ಲಿ ಸಯ್ಯದ್ ಮುಷ್ತಾಕ್ ಅಲಿ ಟೂರ್ನಮೆಂಟ್ ಟೈಮಲ್ಲಿ ಮೂತ್ರದ ಸ್ಯಾಂಪಲ್ ತೆಗೆದ್ರು, ಟರ್ಬುಟಲಿನ್ ಸಿಕ್ಕಿತು, ಕೆಮ್ಮಿಗೆ ಸಿರಪ್ ಕುಡಿದದ್ದು ಅಂದ್ರು, ಬಿಸಿಸಿಐ ಆ ವಿವರಣೆಯನ್ನು ಒಪ್ಪಿತು. ಆದ್ರೂ 8 ತಿಂಗಳು ನಿಷೇಧ. ಅದಕ್ಕೂ ಮೊದಲು ಯೂಸುಫ್ ಪಠಾಣ್‌ಗೆ ಇದೇ ಮದ್ದಿಗೆ 5 ತಿಂಗಳು. ಮೋಸ ಮಾಡ್ಲಿಲ್ಲ ಅಂತ ನಂಬಿದ ಮೇಲೂ ಯಾಕೆ ಶಿಕ್ಷೆ ಅಂದ್ರೆ ಈ ಕಾನೂನಿನ ಬುಡವೇ ಹಾಗೆ ಉಂಟು: ಮೈಯಲ್ಲಿ ಸಿಕ್ಕಿದ್ರೆ ಜವಾಬ್ದಾರಿ ಆಟಗಾರನದ್ದೇ, ಯಾರು ಕೊಟ್ರು, ಗೊತ್ತಿತ್ತಾ ಇಲ್ವಾ ಅನ್ನುದೆಲ್ಲ ಶಿಕ್ಷೆ ಎಷ್ಟು ಅನ್ನುವಾಗ ಮಾತ್ರ ಲೆಕ್ಕಕ್ಕೆ ಬರ್ತದೆ.

4 ವರ್ಷದ ಲೆಕ್ಕ ಹೇಳ್ತೇನೆ. ಸ್ಟೆರಾಯ್ಡ್ ತರದ ವಸ್ತು ಸಿಕ್ಕಿದ್ರೆ ಶುರುವಾಗುದೇ 4 ವರ್ಷದಿಂದ, ಬೇಕಂತ ಮಾಡಿದ್ದಲ್ಲ ಅಂತ ಆಟಗಾರನೇ ತೋರಿಸ್ಬೇಕು. ಟರ್ಬುಟಲಿನ್ ಹಾಗೆ ಮದ್ದಿನಲ್ಲಿ ಸಾಮಾನ್ಯವಾಗಿ ಇರುವಂಥದ್ದಾದ್ರೆ 2 ವರ್ಷದಿಂದ ಶುರು, ಬೇಕಂತಲೇ ಮಾಡಿದ್ದು ಅಂತ ತೋರಿಸುವ ಭಾರ ಎದುರಿನವರ ಮೇಲೆ. ತಪ್ಪು ಸಣ್ಣದು ಅಂತ ತೋರಿಸಿದ್ರೆ ಅಲ್ಲಿಂದ ಕೆಳಗಿಳಿದು ಬರೀ ಎಚ್ಚರಿಕೆಗೂ ಮುಗಿಯಬಹುದು. ನಿಮ್ಮ ಮಗನಿಗೆ 18 ಆಗ್ಲಿಲ್ಲ, ನಾಡಾದವರು (ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ) ವರ್ಷವಿಡೀ ಟೆಸ್ಟ್ ಮಾಡುವ ಪಟ್ಟಿಯಲ್ಲೂ ಇಲ್ಲ, ಅಂತಾರಾಷ್ಟ್ರೀಯ ಓಪನ್ ವಿಭಾಗದಲ್ಲೂ ಓಡ್ಲಿಲ್ಲ ಅಂತಾದ್ರೆ ಅಂಥ ಮಕ್ಕಳಿಗೆ ನಿಯಮ ಇನ್ನೂ ಸ್ವಲ್ಪ ಮೆದು.

ಆದ್ರೆ ಅಲ್ಲಿವರೆಗೆ ಹೋಗುದೇ ಬೇಡ. ಇವತ್ತೇ ಸಿರಪ್ ನಿಲ್ಸಿ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಒಳಗೆ ಕಾಲಿಡುವಾಗ್ಲೇ "ಇವ ನ್ಯಾಷನಲ್ಸ್‌ಗೆ ಓಡುವ ಹುಡುಗ, ನಿಷೇಧಿತ ಪಟ್ಟಿಯಲ್ಲಿ ಇರುವಂಥದ್ದು ಬರೀಬೇಡಿ ಡಾಕ್ಟ್ರೆ" ಅಂತ ಹೇಳಿ. ಬೇರೆ ದಾರಿ ಇಲ್ಲದೆ ಅದೇ ಮದ್ದು ಬೇಕೇ ಬೇಕು ಅಂತಾದ್ರೆ ಚಿಕಿತ್ಸೆಗಾಗಿ ವಿನಾಯಿತಿ ಅಂತ ಒಂದು ಅರ್ಜಿ ಉಂಟು, ಟಿಯುಇ ಅಂತಾರೆ, ಅದನ್ನು ಮದ್ದು ತಗೊಳ್ಳುವ ಮೊದ್ಲೇ ಹಾಕ್ಬೇಕು. ದಮ್ಮು ಇರುವ ಮಕ್ಕಳ ತಂದೆತಾಯಿ ಹೆದರುದು ಬೇಡ, ಸಾಲ್ಬುಟಮಾಲ್ ಇನ್‌ಹೇಲರ್ ಒಂದು ಮಿತಿವರೆಗೆ ಆಗ್ತದೆ: 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೆಯಲ್ಲಿ 600 ದಾಟಬಾರ್ದು. ಮತ್ತೆ ಮನೆಯ ಶುಂಠಿ ಕಾಳುಮೆಣಸಿನ ಕಷಾಯ ಧಾರಾಳ ಕುಡಿಸಿ, ಅದಕ್ಕೇನೂ ತೊಂದರೆ ಇಲ್ಲ.

ಪ್ರಶ್ನೆ: ಮೂಡಬಿದ್ರೆಯಲ್ಲಿ ಹಾಸ್ಟೆಲಲ್ಲಿದ್ದು ಜಾವೆಲಿನ್ ಎಸೀತೇನೆ. ಜಿಮ್ಮಿನ ಅಣ್ಣ ಒಬ್ರು ಒಂದು ಪೌಡರ್ ಕೊಡ್ತಾರೆ, ಪೂರ್ತಿ ನ್ಯಾಚುರಲ್ ಅಂತೆ. ತಗೊಳ್ಬಹುದಾ?

ಬೇಡ ಮಗ. ಡಬ್ಬಿಯ ಲೇಬಲಲ್ಲಿ ಇಲ್ಲದ್ದು ಒಳಗೆ ಇರ್ತದೆ, ಒಂದೇ ಮೆಷಿನಲ್ಲಿ ಬೇರೆ ಬೇರೆ ಮಾಲು ತುಂಬುವಾಗ ಬೆರೆತದ್ದೂ ಉಂಟು, ಬೇಗ ರಿಸಲ್ಟ್ ಕಾಣ್ಲಿ ಅಂತ ಬೇಕಂತ್ಲೇ ಹಾಕಿದ್ದೂ ಉಂಟು. ನ್ಯಾಚುರಲ್ ಅನ್ನುವ ಶಬ್ದಕ್ಕೆ ಲ್ಯಾಬಿನಲ್ಲಿ ಬೆಲೆ ಇಲ್ಲ. ಬಿಲ್ಲಿಲ್ಲದೆ, ಸೀಲ್ ಒಡೆದ ಡಬ್ಬಿಯಿಂದ ಚಮಚದಲ್ಲಿ ತೆಗೆದುಕೊಟ್ಟ ಪೌಡರ್ ಎಲ್ಲಿಂದ ಬಂತು ಅಂತ ನಾಳೆ ನೀನು ಹೇಗೆ ತೋರಿಸ್ತಿ? ಆ ಅಣ್ಣ ನಿನ್ನ ಪರವಾಗಿ ಬಂದು ಸಾಕ್ಷಿ ಹೇಳ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಮೊಟ್ಟೆ, ಮೀನು, ಹೆಸರುಕಾಳು, ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ, ಇಷ್ಟರಲ್ಲಿ ಜಾವೆಲಿನ್ ದೂರ ಹೋಗ್ತದೆ.

ಪ್ರಶ್ನೆ: ನಮ್ಮ ಊರಿನ ಅಶ್ವಿನಿ ಅಕ್ಕುಂಜೆಗೆ ಕೋಚ್ ಕೊಟ್ಟದ್ದನ್ನು ತಿಂದದ್ದಕ್ಕೆ ಬ್ಯಾನ್ ಮಾಡಿದ್ರು. ಕೊಟ್ಟವರಿಗಿಂತ ತಿಂದವರಿಗೇ ಜಾಸ್ತಿ ಶಿಕ್ಷೆ ಆಗುದು ಯಾವ ನ್ಯಾಯ? (ಸಿದ್ದಾಪುರ, ಕುಂದಾಪುರ ತಾಲೂಕು)

ನಿಮ್ಮ ಸಿಟ್ಟು ನನಗೆ ಅರ್ಥ ಆಗ್ತದೆ. 2010ರಲ್ಲಿ ಡೆಲ್ಲಿ ಕಾಮನ್‌ವೆಲ್ತ್‌ನಲ್ಲಿ ರಿಲೇ ಚಿನ್ನ, ಅದರ ಹಿಂದೆಯೇ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ, ಆಗ ನಮ್ಮ ಜಿಲ್ಲೆಯಲ್ಲಿ ಆದ ಖುಷಿ ನಾನು ಮರೀಲಿಲ್ಲ. ಮರುವರ್ಷ 2011ರಲ್ಲಿ ಸ್ಟೆರಾಯ್ಡ್ ಪಾಸಿಟಿವ್ ಅಂತ ಸುದ್ದಿ ಬಂದಾಗ ಎಷ್ಟೋ ಜನ ಪೇಪರನ್ನೇ ನಂಬ್ಲಿಲ್ಲ. ಅವರೊಬ್ಬರೇ ಅಲ್ಲ, ರಾಷ್ಟ್ರೀಯ ಕ್ಯಾಂಪಿನ ಇನ್ನೂ ಕೆಲವು ಹುಡುಗಿಯರು. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗಿನಿಂದ ಬಂದದ್ದು ಅಂತ ಹುಡುಗಿಯರು ಹೇಳಿದ್ರು. ಕೋಚ್‌ನ ಕೆಲಸ ಹೋಯ್ತು. ಹುಡುಗಿಯರಿಗೆ ನಮ್ಮ ದೇಶದ ಶಿಸ್ತು ಸಮಿತಿ ಅವರ ಮಾತನ್ನು ಕೇಳಿ 1 ವರ್ಷಕ್ಕೆ ಇಳಿಸಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಅದನ್ನು ಪ್ರಶ್ನಿಸಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಯ್ತು, 2012ರ ಜುಲೈಯಲ್ಲಿ ಅಲ್ಲಿ 2 ವರ್ಷ ಆಯ್ತು. ಲಂಡನ್ ಒಲಿಂಪಿಕ್ಸ್ ಕಣ್ಣೆದುರೇ ದಾಟಿಹೋಯ್ತು. ನಿಷೇಧ ಮುಗಿಸಿ ಅವರು ಮತ್ತೆ ಟ್ರ್ಯಾಕಿಗೆ ಇಳಿದ್ರು, ಅದಕ್ಕೆ ಬೇಕಾದ ಗಟ್ಟಿತನ ದೊಡ್ಡದು.

ಮಂಗಳೂರಿನಲ್ಲಿ ಬೆಳೆದ ಓಟಗಾರ್ತಿ ಪೂವಮ್ಮ ಅವರದ್ದೂ ಹೀಗೇ. 2021ರ ಪಟಿಯಾಲದ ಸ್ಯಾಂಪಲಿನಲ್ಲಿ ಮಿಥೈಲ್‌ಹೆಕ್ಸಾನಮೈನ್ ಅನ್ನುವ ಉತ್ತೇಜಕ ಸಿಕ್ಕಿತು, ಮೊದಲು 3 ತಿಂಗಳು ಅಂದ್ರು, 2022ರಲ್ಲಿ ಅಪೀಲ್ ಸಮಿತಿ ಅದನ್ನು 2 ವರ್ಷ ಮಾಡಿತು. ಇಲ್ಲಿ ಜನರಿಗೆ ಗೊತ್ತಿಲ್ಲದ ವಿಷಯ ಒಂದುಂಟು. ಅಪೀಲ್ ಅಂದ್ರೆ ಶಿಕ್ಷೆ ಇಳೀಲಿಕ್ಕೆ ಅಂತ ನಾವು ಅಂದ್ಕೊಳ್ತೇವೆ, ಆದ್ರೆ ಎದುರಿನವರಿಗೂ ಅಪೀಲ್ ಹಾಕುವ ಹಕ್ಕು ಉಂಟು, ನಾಡಾಕ್ಕೂ ವಾಡಾಕ್ಕೂ ಫೆಡರೇಷನ್‌ಗೂ. ಕುಸ್ತಿಪಟು ನರಸಿಂಗ್ ಯಾದವ್‌ಗೆ 2016ರಲ್ಲಿ ನಮ್ಮಲ್ಲಿ ತಪ್ಪಿಲ್ಲ ಅಂತ ಬಿಟ್ಟಿದ್ರು, ರಿಯೋ ಒಲಿಂಪಿಕ್ಸ್‌ಗೆ ಹೋಗಿ ಮುಟ್ಟಿಯೂ ಆಗಿತ್ತು, ವಾಡಾ ಅದೇ ಕ್ರೀಡಾ ನ್ಯಾಯಮಂಡಳಿಗೆ ಹೋಗಿ 4 ವರ್ಷ ಮಾಡಿಸಿತು.

ಇನ್ನೊಂದು ಬದಿಯನ್ನೂ ಹೇಳದೆ ಇರ್ಲಿಕ್ಕಾಗುದಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಮಿಕ್ಸೆಡ್ ರಿಲೇಯಲ್ಲಿ ಇದೇ ಪೂವಮ್ಮ, ಹಿಮಾ ದಾಸ್, ಅನಸ್, ಆರೋಕಿಯಾ ರಾಜೀವ್ ಓಡಿ ಬೆಳ್ಳಿ ಗೆದ್ದಿದ್ರು, ಚಿನ್ನ ಬಹ್ರೇನ್‌ಗೆ ಹೋಗಿತ್ತು. ಬಹ್ರೇನಿನ ಕೆಮಿ ಅಡೆಕೋಯಾ ಸ್ಟೆರಾಯ್ಡಿನಲ್ಲಿ ಸಿಕ್ಕಿಬಿದ್ದು 2020ರಲ್ಲಿ 4 ವರ್ಷ ನಿಷೇಧ ಆದಾಗ ಆ ಚಿನ್ನ ನಮ್ಮವರಿಗೆ ಬಂತು. ಎರಡು ವರ್ಷ ತಡವಾಗಿ, ಪೋಡಿಯಂ ಇಲ್ಲದೆ, ರಾಷ್ಟ್ರಗೀತೆ ಇಲ್ಲದೆ. ಶುದ್ಧವಾಗಿ ಓಡಿ ಎರಡನೆಯದಾಗಿ ಬಂದವರ ಹೊಟ್ಟೆಯುರಿ ಅದು. ಆ ಚಿನ್ನ ನಮಗೆ ಬೇಕಾದ್ರೆ ಅದೇ ನಿಯಮ ನಮ್ಮ ಮಕ್ಕಳಿಗೂ ಲಾಗು ಆಗ್ಲೇಬೇಕು.

ಆದ್ರೆ ಕೊಟ್ಟವರ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ನಿಯಮದಲ್ಲಿ ಉಂಟು, ಆಟಗಾರರಿಗೆ ನಿಷೇಧಿತ ವಸ್ತು ಕೊಟ್ಟ ಕೋಚ್‌ಗೆ 4 ವರ್ಷದಿಂದ ಆಜೀವವರೆಗೆ ನಿಷೇಧ ಹಾಕಬಹುದು. ಅದು ಕಾಗದದಲ್ಲಿ ಉಳೀಬಾರ್ದು. ಸ್ಯಾಂಪಲ್ ಸಿಗುದು ಓಡಿದವಳ ಮೈಯಲ್ಲಿ, ಕೊಟ್ಟವನ ಕಿಸೆ ಯಾರೂ ನೋಡುದಿಲ್ಲ, ಹಾಗಾಗಿ ಪ್ರತಿ ಪಾಸಿಟಿವ್ ಕೇಸಲ್ಲೂ ಮೊದಲ ವಿಚಾರಣೆ ಕೋಚಿನದ್ದಾಗ್ಬೇಕು ಅಂತ ನಾನು ಎಷ್ಟೋ ಮೀಟಿಂಗಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳ್ತೇನೆ.

ಪ್ರಶ್ನೆ: ತಮ್ಮನಿಗೆ ನಾಡಾದಿಂದ ಪತ್ರ ಬಂದಿದೆ, ಸ್ಯಾಂಪಲ್ ಪಾಸಿಟಿವ್ ಅಂತ. ಅವ ರೂಮಿನಿಂದ ಹೊರಗೇ ಬರುದಿಲ್ಲ, ಪತ್ರಕ್ಕೆ ಉತ್ತರ ಕೊಡುದು ಬೇಡ, ಸ್ಪೋರ್ಟ್ಸೇ ಬೇಡ ಅಂತಾನೆ. ಏನು ಮಾಡುದು? (ಸುರತ್ಕಲ್)

ಮೊದ್ಲು ಅವನ ಹತ್ರ ಕೂತ್ಕೊಳ್ಳಿ, ಬಯ್ಬೇಡಿ, ಒಬ್ಬನೇ ಬಿಡಬೇಡಿ. ಊಟ ಮಾಡಿದ್ನಾ ನೋಡಿ. ಆಮೇಲೆ ಪತ್ರ ಬಿಚ್ಚಿ ದಿನಾಂಕಗಳಿಗೆಲ್ಲ ಗೆರೆ ಎಳೀರಿ, ಯಾಕಂದ್ರೆ ಇದ್ರಲ್ಲಿ ಸುಮ್ನೆ ಕೂತವರೇ ಜಾಸ್ತಿ ಕಳ್ಕೊಳ್ಳುದು.

ಸ್ಯಾಂಪಲ್ ಎರಡು ಬಾಟ್ಲಿಯಲ್ಲಿ ಇರ್ತದೆ, ಎ ಮತ್ತು ಬಿ. ಈಗ ಪಾಸಿಟಿವ್ ಬಂದದ್ದು ಎ. ಬಿ ಬಾಟ್ಲಿ ಒಡೆದು ನೋಡಿ ಅಂತ ಕೇಳುವ ಹಕ್ಕು ಅವನಿಗೆ ಉಂಟು, ಪತ್ರದಲ್ಲಿ ಹೇಳಿದ ದಿನದೊಳಗೆ ಕೇಳ್ಬೇಕು. ಸ್ಟೆರಾಯ್ಡ್ ಆದ್ರೆ ತಾತ್ಕಾಲಿಕ ನಿಷೇಧ ಆಗ್ಲೇ ಶುರುವಾಗಿರ್ತದೆ, ಅದನ್ನು ಪಾಲಿಸಿದ್ರೆ ಆ ದಿನಗಳು ಮುಂದಿನ ಶಿಕ್ಷೆಯಲ್ಲಿ ಕಳೀತದೆ. ನಿಜವಾಗಿ ತಗೊಂಡಿದ್ರೆ, 4 ವರ್ಷದ ಆರೋಪಪತ್ರ ಬಂದ 20 ದಿನದೊಳಗೆ ಒಪ್ಪಿಕೊಂಡು ಆ ಶಿಕ್ಷೆಗೂ ಒಪ್ಪಿದ್ರೆ 1 ವರ್ಷ ಕಮ್ಮಿ ಆಗ್ತದೆ. ತಗೊಳ್ಳದಿದ್ರೆ ಒಪ್ಪಿಕೊಳ್ಬಾರ್ದು, ಶಿಸ್ತು ಸಮಿತಿಯ ಎದುರು ಹೋಗ್ಬೇಕು, ಈ ಕಾನೂನು ಗೊತ್ತಿರುವ ವಕೀಲರನ್ನು ಹಿಡೀರಿ. ಹೇಗೆ ಮೈಯೊಳಗೆ ಹೋಯ್ತು ಅನ್ನುದನ್ನು ತೋರಿಸುದೇ ಅರ್ಧ ಕೇಸು: ಡಾಕ್ಟ್ರ ಚೀಟಿ, ಮೆಡಿಕಲ್ ಬಿಲ್, ಮಾತ್ರೆಯ ಖಾಲಿ ಸ್ಟ್ರಿಪ್, ಉಳಿದ ಪೌಡರ್ ಇದ್ರೆ ಡಬ್ಬಿ ಸಮೇತ. ಮನೆ ಗುಡಿಸುವಾಗ ಬಿಸಾಡಿಬಿಟ್ಟೀರಿ, ಇವತ್ತೇ ಹುಡುಕಿ ಒಂದು ಕವರಲ್ಲಿ ಹಾಕಿಡಿ. ಯಾರೋ ಕೊಟ್ಟದ್ದು ಅಂತಾದ್ರೆ ಹೆಸರು ಹೇಳ್ಲಿಕ್ಕೆ ಅವನಿಗೆ ಧೈರ್ಯ ಕೊಡಿ. ಆ ಮಾಹಿತಿಯಿಂದ ಬೇರೆಯವರ ಮೇಲೆ ಕೇಸು ನಿಂತ್ರೆ ಅವನ ಶಿಕ್ಷೆಯಲ್ಲಿ ಮುಕ್ಕಾಲು ಭಾಗದವರೆಗೂ ತಡೆಹಿಡಿಯುವ ಅವಕಾಶ ಉಂಟು.

ಪ್ರಶ್ನೆ: ನಿಷೇಧ ಇರುವಾಗ ಊರಿನ ಹೊನಲು ಬೆಳಕಿನ ಕಬಡ್ಡಿಯಲ್ಲಿ ಆಡಬಹುದಾ? ನಂದು ಬೇರೆ ಸ್ಪೋರ್ಟ್ಸಿನ ಬ್ಯಾನ್. (ಬಂಟ್ವಾಳ)

ಅಸೋಸಿಯೇಶನ್ ಮಾನ್ಯತೆಯ ಟೂರ್ನಮೆಂಟ್ ಆದ್ರೆ ಆಗುದಿಲ್ಲ, ಆಟ ಬೇರೆಯಾದ್ರೂ ಆಗುದಿಲ್ಲ. ಸಿಕ್ಕಿಬಿದ್ರೆ ಮೊದಲಿನಷ್ಟೇ ಅವಧಿಯ ಹೊಸ ನಿಷೇಧ ಹಿಂದಿನದ್ದರ ಬಾಲಕ್ಕೆ ಸೇರ್ಬಹುದು. ತಂಡದೊಟ್ಟಿಗೆ ಪ್ರಾಕ್ಟೀಸಿಗೆ ಮರಳಲಿಕ್ಕೆ ಕೊನೆಯ 2 ತಿಂಗಳು ಅಥವಾ ಕೊನೆಯ ಕಾಲು ಭಾಗ, ಇದರಲ್ಲಿ ಯಾವುದು ಕಮ್ಮಿಯೋ ಅಷ್ಟು. ಅಲ್ಲಿವರೆಗೆ ಒಬ್ರೇ ಪಣಂಬೂರು ಬೀಚಲ್ಲಿ ಓಡಿ, ಯಾರೂ ಬೇಡ ಅನ್ನುದಿಲ್ಲ.

ಪ್ರಶ್ನೆ: ನಾನು ಕಾರ್ಕಳದವಳು, 16 ವರ್ಷ, ಲಾಂಗ್ ಜಂಪ್. ಟೆಸ್ಟಿನವರು ಮೂತ್ರ ಮಾಡುವಾಗ ಎದುರೇ ನಿಂತು ನೋಡ್ತಾರಂತೆ. ನಂಗೆ ನಾಚಿಕೆ, ಹೆದರಿಕೆ. ಬಂದ್ರೆ ಹಿಂದಿನ ಗೇಟಿಂದ ಹೋಗಿಬಿಡು ಅಂತ ಸೀನಿಯರ್ ಅಕ್ಕ ಹೇಳಿದ್ಲು.

ಮಗಳೇ, ಹೋಗ್ಬೇಡ. ತಪ್ಪಿಸ್ಕೊಂಡು ಹೋಗುದು, ಸ್ಯಾಂಪಲ್ ಕೊಡುದಿಲ್ಲ ಅನ್ನುದು, ಎರಡಕ್ಕೂ ಸಾಮಾನ್ಯವಾಗಿ 4 ವರ್ಷ, ನಿನ್ನ ಪ್ರಾಯದವರಿಗೆ ಕಮ್ಮಿ ಆಗ್ಬಹುದು ಆದ್ರೆ ಹೆಸರು ಹಾಳಾಗುದು ತಪ್ಪುದಿಲ್ಲ. 2023ರಲ್ಲಿ ಡೆಲ್ಲಿಯ ಒಂದು ರಾಜ್ಯಮಟ್ಟದ ಕೂಟಕ್ಕೆ ನಾಡಾದವರು ಬಂದಿದ್ದಾರೆ ಅಂತ ಗೊತ್ತಾದ ಮೇಲೆ ಗಂಡಸರ 100 ಮೀಟರ್ ಫೈನಲಲ್ಲಿ ಓಡ್ಲಿಕ್ಕೆ ಒಬ್ಬನೇ ಉಳಿದಿದ್ದ. ಬಜರಂಗ್ ಪೂನಿಯಾಗೆ 2024ರ ನವೆಂಬರಲ್ಲಿ 4 ವರ್ಷ ಆದದ್ದು ಸ್ಯಾಂಪಲ್ ಕೊಡದ್ದಕ್ಕೇ. ಕಿಟ್ಟಿನ ಅವಧಿ ಮುಗಿದ ಬಗ್ಗೆ ಉತ್ತರ ಕೇಳಿದ್ದಷ್ಟೇ, ನಿರಾಕರಿಸ್ಲಿಲ್ಲ ಅಂತ ಅವರು ಹೇಳ್ತಾ ಬಂದಿದ್ದಾರೆ. ನಿಂಗೆ ಏನಾದ್ರೂ ಸಂಶಯ ಬಂದ್ರೆ ಸ್ಯಾಂಪಲ್ ಕೊಡು, ಕೊಟ್ಟು ಫಾರ್ಮಿನಲ್ಲಿ ಆಕ್ಷೇಪ ಬರಿ, ಅದಕ್ಕೆ ಜಾಗ ಇರ್ತದೆ.

ನಾಚಿಕೆ ಆಗುದು ಸಹಜ, ಎಲ್ಲರಿಗೂ ಆಗ್ತದೆ. ಹುಡುಗಿಯರ ಹತ್ರ ಹೆಂಗಸು ಅಧಿಕಾರಿಯೇ ಬರುದು. ನೀನು ಚಿಕ್ಕವಳು, ನಿನ್ನೊಟ್ಟಿಗೆ ದೊಡ್ಡವರು ಒಬ್ರು ಇರ್ಬಹುದು, ಅಮ್ಮನೋ ಮೇಡಮ್ಮೋ, ಇರ್ಲೇಬೇಕು ಅಂತ ಕೇಳು. ಸೀಲ್ ಮಾಡಿದ ಕಪ್‌ಗಳಲ್ಲಿ ಒಂದನ್ನು ನೀನೇ ಆರಿಸುದು. ಕಡಿಮೆ ಅಂದ್ರೂ 90 ಮಿಲಿ ಬೇಕು. ಬೇಗ ಬರ್ಲಿ ಅಂತ ಬಾಟ್ಲಿಗಟ್ಟಲೆ ನೀರು ಕುಡೀಬೇಡ, ತೀರಾ ತೆಳುವಾದ್ರೆ ಮತ್ತೆ ಕೊಡಬೇಕಾಗ್ತದೆ. ಗಾಜಿನ ಎರಡು ಬಾಟ್ಲಿಗೆ ಹೊಯ್ಯುದೂ ನೀನೇ, ಮುಚ್ಚಳ ತಿರುಗಿಸುದೂ ನೀನೇ, ಇನ್ನು ತಿರುಗುದಿಲ್ಲ ಅನ್ನುವವರೆಗೆ ಟಿಕ್ ಟಿಕ್ ಅಂತ ಕೇಳ್ತದೆ. ಬಾಟ್ಲಿ, ಮುಚ್ಚಳ, ಪೆಟ್ಟಿಗೆ, ಫಾರ್ಮ್, ಎಲ್ಲದರ ಮೇಲೂ ಒಂದೇ ನಂಬರ್ ಉಂಟಾ ಅಂತ ಬೆರಳಿಟ್ಟು ಓದು. ಹಿಂದಿನ 7 ದಿನದಲ್ಲಿ ತಗೊಂಡ ಮಾತ್ರೆ, ಸಿರಪ್, ಪೌಡರ್, ಹಲ್ಲುನೋವಿಗೆ ತಿಂದದ್ದಾದ್ರೂ ಸರಿ, ಒಂದೂ ಬಿಡದೆ ಬರ್ಸು. ಸೈನ್ ಮಾಡಿದ ಮೇಲೆ ನಿನ್ನ ಕಾಪಿ ಕೇಳಿ ತಗೊಂಡು ಬಂದು ಅಮ್ಮನ ಹತ್ರ ಕೊಡು, ಆಧಾರ್ ಕಾರ್ಡ್ ಇಡುವ ಜಾಗದಲ್ಲೇ ಇಡ್ಲಿ.