ಮೂತ್ರ ಕಟ್ಟಿದ್ದನ್ನು ಮೊದಲು ಬರೆಯಿರಿ

ನಮಸ್ಕಾರ ಡಾಕ್ಟ್ರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಲೂಪಸ್ ಮತ್ತು ಬೆನ್ನುಹುರಿಯ ಉರಿಯೂತ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಇದು ಕನ್ನಡದಲ್ಲಿ ಬರಲೇಬೇಕು.

ಮೊದಲ ಎರಡು ಪುಟ ಬರೀ ರೋಗನಿರೋಧಕ ಶಕ್ತಿಯ ಪಾಠ. ಆಮೇಲೆ, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇರುವ ಹೆಂಗಸೊಬ್ಬರು ಜ್ವರದ ಜೊತೆ ಬೆಳಗ್ಗೆಯಿಂದ ಮೂತ್ರ ಬರುತ್ತಿಲ್ಲ ಅಂತ ಬಂದದ್ದು, ಅದನ್ನು ಮೂತ್ರದ ಸೋಂಕು ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಿದ್ದು, ಸಂಜೆಗೆ ಅವರ ಕಾಲು ಸೋತದ್ದು, ಇಷ್ಟನ್ನೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ, ಅಲ್ವಾ? ಮೂತ್ರ ಕಟ್ಟುವುದು, ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುವುದು, ಅಲ್ಲಿಂದ ಕೆಳಗೆ ಮರಗಟ್ಟುವುದು. ಇದು ಲೂಪಸ್‌ನ ಕೀಲುನೋವಿನ ಮುಂದುವರಿಕೆ ಅಲ್ಲ, ಬೆನ್ನುಹುರಿಯ ತೊಂದರೆ ಅಂತ ಓದುಗರಿಗೆ ಗೊತ್ತಾಗಬೇಕು. ಬೆನ್ನುಹುರಿಯ ಬೂದುಭಾಗಕ್ಕೆ, ಅಂದರೆ ನರಕೋಶಗಳಿರುವ ಒಳಭಾಗಕ್ಕೆ, ಏಟು ಬಿದ್ದಾಗ ಕಾಲು ಬಿಗಿಯಾಗುವ ಬದಲು ಮೆತ್ತಗಾಗುತ್ತದೆ, ಮಂಡಿಗೆ ಸುತ್ತಿಗೆ ತಟ್ಟಿದರೂ ಎಗರುವುದಿಲ್ಲ. ಬೆನ್ನಿನ ನೀರಿನಲ್ಲಿ (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ಬಿಳಿ ರಕ್ತಕಣ ಎಷ್ಟು ಜಾಸ್ತಿ ಇರಬಹುದೆಂದರೆ ಬ್ಯಾಕ್ಟೀರಿಯಾದ ಮೆದುಳುಜ್ವರವೇ ಅನ್ನಿಸಿಬಿಡುತ್ತದೆ. ಇದನ್ನು ಬಿಡಿಸಿ ಬರೆಯಿರಿ.

‘ಎಂಆರ್‌ಐ ಮಾಡಿದರೆ ರೋಗ ಖಚಿತ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಂಆರ್‌ಐನಲ್ಲಿ ಮೊದಲು ನೋಡುವುದು ಹುರಿಯನ್ನು ಏನಾದರೂ ಒತ್ತುತ್ತಿದೆಯಾ ಅಂತ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕತ್ತಿನ ಮೇಲಿನ ಎರಡು ಮೂಳೆ ಜರುಗಿ ಹುರಿಯನ್ನು ಅಮುಕಬಹುದು, ಆಗ ಸರ್ಜನ್ ಬೇಕು. ಬೆನ್ನುಮೂಳೆಯ ಟಿಬಿಯನ್ನಂತೂ ನಮ್ಮ ದೇಶದಲ್ಲಿ ಮರೆಯುವ ಹಾಗೇ ಇಲ್ಲ. ಕಾಲು ಪೂರ್ತಿ ಸೋಲಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದೂ ಮುಖ್ಯ. ಬೆನ್ನುಹುರಿಯ ಉರಿಯೂತವನ್ನು ಗುರುತಿಸಲು ತಜ್ಞರು ಮಾಡಿದ 2002ರ ಮಾನದಂಡದ ಪ್ರಕಾರ ಅದಕ್ಕೆ 4 ಗಂಟೆಯಿಂದ 21 ದಿನ. ಅದಕ್ಕಿಂತ ಬೇಗ ಆದರೆ ರಕ್ತನಾಳ ಕಟ್ಟಿದೆಯಾ ಅಂತ ಅನುಮಾನ ಪಡಬೇಕು, ಅದರಲ್ಲೂ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇರುವವರಲ್ಲಿ.

ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲೆ ದಾಳಿ ಮಾಡುವ ಅಕ್ವಾಪೊರಿನ್-4 ಪ್ರತಿಕಾಯದ ಬಗ್ಗೆ ಒಂದು ಮಾತೂ ಇಲ್ಲ. ದೊಡ್ಡ ಕೊರತೆ ಇದು. ಬೆನ್ನುಮೂಳೆಯ 3 ಅಥವಾ ಅದಕ್ಕಿಂತ ಜಾಸ್ತಿ ಮಣಿಗಳ ಉದ್ದಕ್ಕೆ ಉರಿಯೂತ ಹಬ್ಬಿದ್ದರೆ ಇದನ್ನು ರಕ್ತದಲ್ಲಿ ಹುಡುಕಲೇಬೇಕು. ಸಿಕ್ಕರೆ, ಲೂಪಸ್ ಅಥವಾ ಶೋಗ್ರೆನ್ (ಕಣ್ಣು, ಬಾಯಿ ಒಣಗಿಸುವ ಇಂಥದ್ದೇ ಕಾಯಿಲೆ) ಜೊತೆಗೆ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಯೂ ಇರುವ ಸಾಧ್ಯತೆ ಬಹಳ. ಅದು ಮರುಕಳಿಸುತ್ತದೆ, ಕಣ್ಣಿನ ನರವನ್ನೂ ಹಾಳುಮಾಡಬಹುದು, ವರ್ಷಗಟ್ಟಲೆ ಔಷಧಿ ಬೇಕಾಗುತ್ತದೆ.

‘ಎಲ್ಲ ರಿಪೋರ್ಟ್ ಬಂದ ಮೇಲೆ ಚಿಕಿತ್ಸೆ’ ಅನ್ನುವ ಸಾಲು ತೆಗೆದುಬಿಡಿ. ಪರೀಕ್ಷೆಗೆ ರಕ್ತ ತೆಗೆದಿಟ್ಟುಕೊಂಡು, ಹುರಿಯನ್ನು ಒತ್ತುವಂಥದ್ದು, ಸೋಂಕು ಎರಡೂ ಇಲ್ಲ ಅನ್ನಿಸಿದ ಕೂಡಲೇ ಸ್ಟಿರಾಯ್ಡ್ ಡ್ರಿಪ್ ಶುರು ಮಾಡಬೇಕು. ಪ್ರತಿಕಾಯದ ರಿಪೋರ್ಟ್‌ಗೆ ಸುಮ್ನೆ ಕಾಯುತ್ತಾ ಕೂತರೆ ಕಾಲಿಗೆ ಮತ್ತೆ ಬಲ ಬರುವ ಅವಕಾಶ ಕಮ್ಮಿಯಾಗುತ್ತದೆ.

ತಿದ್ದಿ ಕಳಿಸಿ. ಆ ಹೆಂಗಸಿನ ಊರು, ವಯಸ್ಸು ತೆಗೆಯಿರಿ, ಅವರ ಒಪ್ಪಿಗೆ ಕೇಳಿ. ಅವರು ಈಗ ನಡೆಯುತ್ತಿದ್ದಾರಾ ಅಂತ ನೀವು ಬರೆದೇ ಇಲ್ಲ, ಅದನ್ನೂ ಸೇರಿಸಿ.