ದನಿ ಹೋದ ಹೆಡ್‌ಫೋನ್ ಬಿಸಾಡುವ ಮೊದಲು

ನೀವು ಕೇಳಿದ್ದು ಇಷ್ಟು: ಮೈಕ್ ಇರುವ ಎಂಟುನೂರು ರೂಪಾಯಿಯ ವಯರಿನ ಹೆಡ್‌ಫೋನು, ದಿನಾ ಉಡುಪಿ–ಮಂಗಳೂರು ಬಸ್ಸಿನಲ್ಲಿ ಬಳಕೆ. ಮಳೆಗಾಲ ಶುರುವಾದ ಮೇಲೆ ಸಿನಿಮಾ ಹಾಡಿನಲ್ಲಿ ವಾದ್ಯ ಕೇಳ್ತದೆ, ಹಾಡುವವರ ದನಿ ಇಲ್ಲ. ಯಕ್ಷಗಾನದ ಹಳೇ ಕ್ಯಾಸೆಟ್ ರೆಕಾರ್ಡಿಂಗ್ ಹಾಕಿದರೆ ಹೆಚ್ಚುಕಮ್ಮಿ ಮೌನ. ಸ್ಪೀಕರ್ ಸುಟ್ಟಿತಾ, ಹೊಸತು ಯಾವುದು ತೆಗೆದುಕೊಳ್ಳುವುದು ಅಂತ.

ಸುಟ್ಟಿಲ್ಲ ಮಾರಾಯ್ರೆ. ಈ ಎರಡು ಲಕ್ಷಣ ಒಟ್ಟಿಗೆ ಉಂಟಾದರೆ ಗ್ರೌಂಡ್ ವಯರ್, ಅಂದರೆ ಎರಡೂ ಕಿವಿಗೆ ಸೇರಿ ಇರುವ ವಾಪಸಿನ ವಯರ್, ತುಂಡಾಗಿದೆ ಅಂತಲೇ ಲೆಕ್ಕ. ಗ್ರೌಂಡ್ ಹೋದರೆ ಎರಡು ಕಿವಿಯ ಸ್ಪೀಕರುಗಳು ಸಾಲಾಗಿ ಸೇರಿ, ಎಡ-ಬಲದ ನಡುವಿನ ವ್ಯತ್ಯಾಸ ಮಾತ್ರ ಕೇಳ್ತದೆ. ಗಾಯಕರ ದನಿ ಎರಡೂ ಕಡೆ ಸಮನಾಗಿರುವುದರಿಂದ ವಜಾ ಆಗಿ ಹೋಗ್ತದೆ. ಹಳೇ ಕ್ಯಾಸೆಟ್ ಮೋನೋ, ಅಲ್ಲಿ ಎಡ-ಬಲ ಒಂದೇ, ಹಾಗಾಗಿ ಉಳಿಯಲಿಕ್ಕೆ ಏನೂ ಇಲ್ಲ.

ಖಾತ್ರಿ ಮಾಡಲಿಕ್ಕೆ ಮಲ್ಟಿಮೀಟರನ್ನು ವಿದ್ಯುತ್ತಿನ ತಡೆ ಅಳೆಯುವ 200 ಓಮಿಗೆ ಇಡಿ. ನಿಮ್ಮದು ನಾಲ್ಕು ಭಾಗದ ಪ್ಲಗ್: ತುದಿ ಎಡಕಿವಿ, ಮೊದಲ ಉಂಗುರ ಬಲಕಿವಿ, ಎರಡನೇ ಉಂಗುರ ಗ್ರೌಂಡ್, ಬುಡ ಮೈಕ್. 32 ಓಮಿನ ಹೆಡ್‌ಫೋನ್ ಸರಿಯಿದ್ದರೆ ತುದಿಗೂ ಗ್ರೌಂಡಿಗೂ ಮಧ್ಯೆ 32ರ ಆಸುಪಾಸು ತೋರಿಸಿ, ಕಿವಿಯಲ್ಲಿ ಸಣ್ಣ ಟಿಕ್ ಕೇಳ್ತದೆ. ಗ್ರೌಂಡಿಗೆ ಏನೂ ತೋರಿಸದೆ, ತುದಿಗೂ ಮೊದಲ ಉಂಗುರಕ್ಕೂ ಮಧ್ಯೆ 64ರ ಹತ್ತಿರ ಬಂದರೆ ಸ್ಪೀಕರ್ ಎರಡೂ ಗಟ್ಟಿ.

ತುಂಡಾಗುವುದು ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ. ಫೋನು ಕಿಸೆಯಲ್ಲಿ, ಪ್ಲಗ್ ಮೇಲೆ, ಕೂತಾಗೆಲ್ಲ ಅದೇ ಜಾಗ ಬಾಗ್ತದೆ. ಹಾಡು ಹಾಕಿಕೊಂಡು ವಯರನ್ನು ಇಂಚಿಂಚಾಗಿ ಬಾಗಿಸಿ ನೋಡಿ; ದನಿ ಬಂದು ಹೋಗುವ ಜಾಗವೇ ತುಂಡಾದ ಜಾಗ.

ರಿಪೇರಿಗೆ ಸ್ಕ್ರೂ ಬಿಚ್ಚುವ ಲೋಹದ ನಾಲ್ಕು ಭಾಗದ 3.5 ಮಿಮೀ ಪ್ಲಗ್, 25 ವ್ಯಾಟಿನ ಸೋಲ್ಡರಿಂಗ್ ಐರನ್, 3 ಮಿಮೀ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ವಯರಿಗೆ ಬಿಗಿಯುವ ಕೊಳವೆ) ಸಾಕು. ಹಳೇ ಪ್ಲಗ್ಗಿನಿಂದ 4 ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ. ಹೊಸ ಪ್ಲಗ್ಗಿನ ಮುಚ್ಚಳವನ್ನೂ ಹೀಟ್‌ಶ್ರಿಂಕನ್ನೂ ಮೊದಲೇ ವಯರಿಗೆ ಪೋಣಿಸಿ. (ಎಲ್ಲರೂ ಮರೆಯುವುದು ಇದನ್ನೇ, ಆಮೇಲೆ ಸೋಲ್ಡರ್ ಕೀಳಬೇಕು.) ಒಳಗೆ ಸಾಮಾನ್ಯವಾಗಿ ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣದ್ದು ಗ್ರೌಂಡ್, ಇನ್ನೊಂದು ಮೈಕ್. ಬಣ್ಣ ನಂಬಬೇಡಿ, ಮೀಟರಿನಲ್ಲಿ ನೋಡಿಕೊಳ್ಳಿ. ಆ ಬಣ್ಣ ಅಂದರೆ ವಾರ್ನಿಷ್. ಅದು ಹೋಗದೆ ಸೋಲ್ಡರ್ ಹಿಡಿಯುವುದಿಲ್ಲ. ಐರನ್ನಿನ ತುದಿಯಲ್ಲಿ ಸೋಲ್ಡರಿನ ಹನಿ ನಿಲ್ಲಿಸಿ, ಎಳೆಯ ತುದಿಯನ್ನು ಅದರೊಳಗೆ ಮೂರು-ನಾಲ್ಕು ಸೆಕೆಂಡು ಅದ್ದಿ. ಸ್ವಲ್ಪ ಹೊಗೆ ಬಂದು ಬೆಳ್ಳಿಯ ಹಾಗೆ ಹೊಳೆದರೆ ಆಯ್ತು. ಲೈಟರಿನಲ್ಲಿ ಸುಡುವವರು ಇದ್ದಾರೆ, ಕೂದಲೆಳೆಯಂಥ ತಾಮ್ರ ಸುಟ್ಟು ಮುಟ್ಟಿದರೆ ಮುರೀತದೆ.

ಸಿಪ್ಪೆ ಬಿಡಿಸಿದಾಗ ತಾಮ್ರ ಹಸಿರೋ ಕಪ್ಪೋ ಆಗಿದ್ದರೆ ಬೆವರು, ಉಪ್ಪುಗಾಳಿ ಒಳಗೆ ಹೋಗಿದೆ ಅಂತ ಅರ್ಥ. ಕೆಂಪು ತಾಮ್ರ ಕಾಣುವವರೆಗೆ ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತಾ ಹೋಗಿ. ಜೋಡಿಸಿದ ಮೇಲೆ, ಮುಚ್ಚಳ ಹಾಕುವ ಮೊದಲು, ಇನ್ನೊಮ್ಮೆ ಮೀಟರ್ ಹಿಡಿಯಿರಿ.

ಈಗ ಹೊಸತರ ವಿಷಯ. ಕಡಿಮೆ ಬೆಲೆಯದ್ದರಲ್ಲಿ ಮೊದಲು ಸಾಯುವುದು ವಯರ್, ಆಮೇಲೆ ಕಿವಿಯ ಪ್ಯಾಡ್, ಸ್ಪೀಕರ್ ಕೊನೆಗೆ. ಹಾಗಾಗಿ ವಯರ್ ಕಳಚಿ ಬದಲಿಸಲಿಕ್ಕೆ ಆಗುವಂಥದ್ದು ಸಿಕ್ಕಿದರೆ ನೂರಿನ್ನೂರು ಹೆಚ್ಚಾದರೂ ಅಡ್ಡಿಯಿಲ್ಲ. ಪ್ಯಾಡಿನಲ್ಲಿ ತೊಗಲಿನ ಹಾಗೆ ಕಾಣುವ ರೆಕ್ಸಿನ್ ಬೇಡ. ಅದು ಪಾಲಿಯುರೆಥೇನ್, ಗಾಳಿಯ ತೇವಕ್ಕೇ ಒಡೆಯುವ ವಸ್ತು; ನಮ್ಮ ಕರಾವಳಿಯಲ್ಲಿ ಡಬ್ಬಿಯೊಳಗೆ ಇಟ್ಟರೂ ಚಕ್ಕೆ ಏಳ್ತದೆ. ಬಟ್ಟೆಯದ್ದು ವಾಸಿ. ಬರೀ ಸ್ಪಂಜಿನದ್ದೂ ಪುಡಿಯಾಗ್ತದೆ, ಆದರೆ ಬದಲಿಸುವುದು ಸುಲಭ, ಅಗಲ ಅಳೆದು ತನ್ನಿ. ದಪ್ಪವೂ ಮೊದಲಿನಷ್ಟೇ ಇರಲಿ: ತೆಳುವಾದರೆ ಸ್ಪೀಕರ್ ಕಿವಿಗೆ ಹತ್ತಿರ ಬಂದು ತಾಳದ ಸದ್ದು ಚುಚ್ಚುತ್ತದೆ.

ಪೆಟ್ಟಿಗೆ ಮೇಲಿನ "20 ಹರ್ಟ್ಸ್‌ನಿಂದ 20,000 ಹರ್ಟ್ಸ್", "40 ಮಿಮೀ ಡ್ರೈವರ್" ನೋಡಿ ಏನೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಅದೇ ಮೋನೋ ಯಕ್ಷಗಾನ ಹಾಕಿ. ಭಾಗವತರ ದನಿ ತಲೆಯ ನಡುಮಧ್ಯೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಎಡ-ಬಲದ ಸ್ಪೀಕರ್ ಜೋಡಿ ಸರಿಯಿಲ್ಲ, ಇನ್ನೊಂದು ಪೀಸ್ ಕೇಳಿ. ಮದ್ದಳೆಯ ಒಂದೊಂದು ಪೆಟ್ಟು ಬಿಡಿಯಾಗಿ ಕೇಳದೆ ಗುಮ್ಮೆಂದರೆ, ಬಾಸ್ ಸುಮ್ಮನೆ ಏರಿಸಿಟ್ಟದ್ದು. ಕಿವಿಯ ಮೇಲೆ ಕೂರುವ ಬಟ್ಟಲನ್ನು ಬೆರಳಿನಲ್ಲಿ ಒತ್ತಿದಾಗ ಬಾಸ್ ಒಮ್ಮೆಲೇ ಹೆಚ್ಚಾದರೆ ಅದು ನಿಮ್ಮ ಕಿವಿಗೆ ಸರಿಯಾಗಿ ಕೂರುವುದಿಲ್ಲ. ಕನ್ನಡಕ ಇದ್ದವರು ಹಾಕಿಕೊಂಡೇ ನೋಡಬೇಕು.

ಕೋಸ್ ಪೋರ್ಟಾ ಪ್ರೋ ಅನ್ನುವ ಹೆಡ್‌ಫೋನ್ ಬಗ್ಗೆ ಯಾರಾದರೂ ಹೇಳಿಯೇ ಹೇಳ್ತಾರೆ. 1984ರಿಂದ ಬರುತ್ತಿರುವ ಮಾದರಿ, ದನಿ ಚಂದ, ಮನೆಯಲ್ಲಿ ಕೇಳಲಿಕ್ಕೆ ಏನೂ ತಕರಾರಿಲ್ಲ. ಆದರೆ ತೆರೆದ ಬೆನ್ನಿನದ್ದು: ಬಸ್ಸಿನ ಹಾರ್ನು ಒಳಗೆ, ನಿಮ್ಮ ಹಾಡು ಪಕ್ಕದ ಸೀಟಿಗೆ.

ಬ್ಲೂಟೂತ್ ಬೇಕಿದ್ದರೆ ಬ್ಯಾಟರಿಯ ಆಯುಷ್ಯವೇ ಅದರ ಆಯುಷ್ಯ ಅಂತ ತಿಳಿದೇ ತೆಗೆದುಕೊಳ್ಳಿ. ಪೆಟ್ಟಿಗೆ ಮೇಲಿನ ಐಪಿಎಕ್ಸ್4 ಅಂದರೆ ನೀರಿನ ಸಿಡಿತ ತಡೀತದೆ ಅಂತ ಮಾತ್ರ, ಉಪ್ಪಿನ ಬೆವರಿಗೆ ಭರವಸೆ ಅಲ್ಲ. ಒರೆಸಿ, ಒಣಗಿಸಿಯೇ ಚಾರ್ಜಿಗೆ ಇಡಿ.

ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಹಾಕಿ ಇಡಿ. ಅಕ್ಕಿ ಡಬ್ಬ ಬೇಡ, ಹುಡಿ ಜಾಲರಿಗೆ ಕೂರ್ತದೆ. ಪ್ಲಗ್ ಕರಕರ ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಒರೆಸಿ, ತೆಂಗಿನೆಣ್ಣೆ ಮಾತ್ರ ಬೇಡ.

ಕತ್ತರಿ ಹಾಕುವ ಮೊದಲು ಮೀಟರಿನ ಮೂರು ರೀಡಿಂಗ್ ಇಲ್ಲಿ ಹಾಕಿ: ತುದಿ–ಗ್ರೌಂಡ್, ಮೊದಲ ಉಂಗುರ–ಗ್ರೌಂಡ್, ತುದಿ–ಮೊದಲ ಉಂಗುರ.