ಈವೆಂಟ್ ಕಾವಲುಗಾರನಲ್ಲ

ಡೊಂಬಿವಲಿಯ ಗೆಳೆಯರೇ,

ಜಾಲಪುಟವೊಂದು ತನ್ನ ಭದ್ರತಾ ನೀತಿಯನ್ನು, ಅಂದರೆ ಪುಟದಲ್ಲಿ ಯಾವ ಸ್ಕ್ರಿಪ್ಟ್, ಚಿತ್ರ ಮುಂತಾದವಕ್ಕೆ ಅವಕಾಶವಿದೆ ಎಂದು ಬ್ರೌಸರಿಗೆ ತಿಳಿಸುವ ಸಿಎಸ್‌ಪಿಯನ್ನು, ಮೀರಿದಾಗ ಬ್ರೌಸರ್ ಹೊರಡಿಸುವ ಈವೆಂಟ್ (ಪುಟದ ಕೋಡ್‌ಗೆ ಸಿಗುವ ಸೂಚನೆ) ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಕಳುಹಿಸಿದರೆ ಸಂತೋಷದಿಂದ ಹಾಕುತ್ತೇನೆ, ಕನ್ನಡದಲ್ಲಿ ಇಂಥ ಬರಹ ತೀರಾ ಕಡಿಮೆ.

ಹ್ಯಾಕರ್‌ಗಳ ಭಯ ಹುಟ್ಟಿಸುವ ಪೀಠಿಕೆಯನ್ನು ಪೂರ್ತಿ ಕಿತ್ತುಹಾಕಿ. ಮುಂಬಯಿಯ ಕನ್ನಡ ಸಂಘವೊಂದರ ನಾಟಕದ ಟಿಕೆಟ್ ಪುಟದಲ್ಲಿ ಆಸನಗಳ ನಕ್ಷೆಯೇ ಮಾಯವಾದ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಲ್ಲ, ಲೇಖನ ಇರುವುದೇ ಅಲ್ಲಿ. ಈವೆಂಟ್ ಅಂದು ಹೇಳಿದ್ದನ್ನು ಓದುಗರ ಮುಂದಿಡಿ: ಮೀರಿದ ನಿಯಮವನ್ನು ಹೇಳುವ ಎಫೆಕ್ಟಿವ್‌ಡೈರೆಕ್ಟಿವ್‌ನಲ್ಲಿ 'ಸ್ಕ್ರಿಪ್ಟ್-ಎಸ್‌ಆರ್‌ಸಿ-ಎಲೆಮ್' (ಸ್ಕ್ರಿಪ್ಟ್ ಟ್ಯಾಗ್‌ಗಳ ನಿಯಮ), ತಡೆದದ್ದು ಯಾವುದೆಂದು ಹೇಳುವ ಬ್ಲಾಕ್ಡ್‌ಯುಆರ್‌ಐನಲ್ಲಿ 'ಇನ್‌ಲೈನ್' (ಪುಟದೊಳಗೇ ಬರೆದದ್ದು), ಜೊತೆಗೆ ಸಾಲಿನ ಸಂಖ್ಯೆ. ನೀತಿ ತಡೆದದ್ದು ಹೊರಗಿನವರನ್ನಲ್ಲ, ಪುಟದೊಳಗೆ ನೀವೇ ಬರೆದಿಟ್ಟ ಸ್ಕ್ರಿಪ್ಟನ್ನು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಇದಕ್ಕೆ ಪರಿಹಾರವಾಗಿ ನೀತಿಗೆ 'ಅನ್‌ಸೇಫ್-ಇನ್‌ಲೈನ್' (ಪುಟದೊಳಗೆ ಬರೆದ ಯಾವ ಸ್ಕ್ರಿಪ್ಟಿಗೂ ಅನುಮತಿ) ಸೇರಿಸಿ ಎಂಬ ನಿಮ್ಮ ಸಲಹೆಯನ್ನು ನಾನು ಒಪ್ಪುವುದಿಲ್ಲ. ನೀತಿ ಇಟ್ಟುಕೊಂಡ ಉದ್ದೇಶವೇ ಅದರಿಂದ ಹಾಳಾಗುತ್ತದೆ. ಸ್ಕ್ರಿಪ್ಟಿಗೆ ನಾನ್ಸ್ (ಪ್ರತಿ ಸಲ ಹೊಸದಾಗಿ ಹುಟ್ಟಿಸಿ ನೀತಿಯಲ್ಲೂ ನಮೂದಿಸುವ ಗುರುತು) ಕೊಡಿ, ಇಲ್ಲವೇ ಬೇರೆ ಕಡತಕ್ಕೆ ಸಾಗಿಸಿ.

'ಈ ಈವೆಂಟನ್ನು ಆಲಿಸಿದರೆ ದಾಳಿ ನಿಲ್ಲುತ್ತದೆ' ಎಂಬ ವಾಕ್ಯ ಶುದ್ಧ ತಪ್ಪು. ತಡೆಯುವ ಕೆಲಸ ನೀತಿಯದು, ಈವೆಂಟ್ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಬ್ರೌಸರಿನ ಸಹಜ ಕ್ರಿಯೆಯನ್ನು ರದ್ದುಮಾಡಲು ಬಳಸುವ ಪ್ರಿವೆಂಟ್‌ಡೀಫಾಲ್ಟ್ ಕರೆದು ಆ ತಡೆಯನ್ನು ತೆರವುಗೊಳಿಸಲೂ ಆಗದು. ಈವೆಂಟಿನಲ್ಲೇ ಬರುವ ಡಿಸ್ಪೊಸಿಷನ್ ಎಂಬ ವಿವರದ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅದು 'ಎನ್‌ಫೋರ್ಸ್' ಆಗಿದ್ದರೆ ತಡೆ ನಿಜಕ್ಕೂ ಆಗಿದೆ. 'ರಿಪೋರ್ಟ್' ಆಗಿದ್ದರೆ ಏನನ್ನೂ ತಡೆದಿಲ್ಲ, ಗಮನಿಸಿ ಬಿಟ್ಟಿದೆ. ನಿಮ್ಮ ಕೋಡ್ ಎರಡಕ್ಕೂ 'ಪುಟದ ಭಾಗ ತಡೆಯಲಾಗಿದೆ' ಎಂದು ತೋರಿಸುತ್ತದೆ. ಟಿಕೆಟ್ ಕೊಳ್ಳಲು ಬಂದ ಹಿರಿಯರು ಅದನ್ನು ಕಂಡು ಗಾಬರಿಯಾಗುವುದಿಲ್ಲವೇ?

ಲಿಸನರ್ (ಈವೆಂಟನ್ನು ಆಲಿಸುವ ಕೋಡ್) ಇಟ್ಟ ಜಾಗವೂ ಸರಿಯಿಲ್ಲ. ಪುಟವೆಲ್ಲ ತೆರೆದ ಮೇಲೆ ಅದನ್ನು ನೋಂದಾಯಿಸಿದರೆ ಮೊದಲೇ ನಡೆದ ಉಲ್ಲಂಘನೆಗಳು ಕೈತಪ್ಪಿಹೋಗುತ್ತವೆ. ಪುಟದ ಆರಂಭದ ಹೆಡ್ ಭಾಗದಲ್ಲಿ, ಎಲ್ಲಕ್ಕಿಂತ ಮೊದಲು, ನೀತಿ ಒಪ್ಪುವ ಸ್ಕ್ರಿಪ್ಟಿನಲ್ಲೇ ಇಡಿ. ಅದೂ ಇನ್‌ಲೈನ್ ಆಗಿದ್ದು ನಾನ್ಸ್ ಇಲ್ಲದಿದ್ದರೆ ಅದೇ ಮೊದಲು ತಡೆಗೆ ಸಿಗುತ್ತದೆ.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಈವೆಂಟಿನ ವಿವರಗಳ ವರದಿಯನ್ನು ಇಡಿಯಾಗಿ ಸರ್ವರಿಗೆ ಕಳುಹಿಸುವ ಭಾಗ. ಪುಟದ ವಿಳಾಸವನ್ನು ಹೇಳುವ ಡಾಕ್ಯುಮೆಂಟ್‌ಯುಆರ್‌ಐನಲ್ಲಿ ಪ್ರಶ್ನೆಚಿಹ್ನೆಯ ನಂತರದ ಭಾಗವೂ ಇರುತ್ತದೆ. ನಿಮ್ಮದೇ ಉದಾಹರಣೆಯಲ್ಲಿ ಪ್ರೇಕ್ಷಕರ ಮೊಬೈಲ್ ಸಂಖ್ಯೆ ಅಲ್ಲಿದೆ. ಕಳುಹಿಸುವ ಮೊದಲು ಅದನ್ನು ಕತ್ತರಿಸುವ ಕ್ರಮವನ್ನು ವಿವರವಾಗಿ ಬರೆಯಿರಿ. ಇದಕ್ಕೆ ಎಷ್ಟು ಜಾಗ ಬೇಕಾದರೂ ಕೊಡುತ್ತೇನೆ.

ತಿದ್ದಿದ ಪ್ರತಿಯ ಜೊತೆ ಆ ಪುಟದ ನೀತಿಯ ಪೂರ್ಣ ಪಠ್ಯವನ್ನೂ ಕಳುಹಿಸಿ.

ಸಂಪಾದಕ